ಪೊಲೀಸ್ ಪಿಸ್ತೂಲಿನ ಹೋಲ್‌ಸ್ಟರ್: ಬಂದೋಬಸ್ತಿಗೆ ಯಾವುದು ತಡೆಯುತ್ತದೆ?

ಚಿತ್ರದುರ್ಗದ ಮಹಾಗಣಪತಿ ಶೋಭಾಯಾತ್ರೆಯಂಥ ಜನಜಂಗುಳಿಯಲ್ಲಿ ನಿಂತ ಪಿಎಸ್‌ಐಗೆ ಪಿಸ್ತೂಲು ಬೇಗ ಹೊರಬರುವುದು ಆಮೇಲಿನ ಮಾತು. ಹಿಂದಿನಿಂದ ಕೈ ಹಾಕಿದವನಿಗೆ ಅದು ದಕ್ಕಬಾರದು, ಅದೇ ಮೊದಲು. ಪಿಸ್ತೂಲನ್ನು ಸೊಂಟದಲ್ಲಿ ಹಿಡಿದಿಡುವ ಒರೆಗಳನ್ನು, ಅಂದರೆ ಹೋಲ್‌ಸ್ಟರ್‌ಗಳನ್ನು, ನಾವು ತೂಗಿದ್ದು ಈ ಲೆಕ್ಕದಲ್ಲೇ. ಮಾದರಿಗೆ ಇಟ್ಟುಕೊಂಡದ್ದು ಇಶಾಪುರ ರೈಫಲ್ ಫ್ಯಾಕ್ಟರಿಯ 9 ಎಂಎಂ ಆಟೊ ಪಿಸ್ತೂಲ್ 1ಎ. ಬ್ರೌನಿಂಗ್ ಹೈಪವರ್ ವಿನ್ಯಾಸದ್ದು, ಮ್ಯಾಗಜಿನ್‌ಗೆ 13 ಗುಂಡು.

ಎಲ್ಲ ಪಿಸ್ತೂಲಿಗೂ ಆಗುತ್ತದೆ ಎಂದು ಮಾರುವ ನೈಲಾನ್ ಹೋಲ್‌ಸ್ಟರ್ ಬೇಡವೇ ಬೇಡ. ಬಾಯಿ ಮೆತ್ತಗಾಗಿ ಮುಚ್ಚಿಕೊಳ್ಳುವುದರಿಂದ ಒಂದೇ ಕೈಯಲ್ಲಿ ವಾಪಸ್ ಇಡಲಾಗದು. ಬಟ್ಟೆಯ ಮಡಿಕೆ ಟ್ರಿಗರ್ ಗಾರ್ಡ್‌ನೊಳಗೆ, ಅಂದರೆ ಟ್ರಿಗರ್ ಸುತ್ತಲಿನ ಬಳೆಯೊಳಗೆ, ನುಗ್ಗುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಬಲಸೊಂಟದಲ್ಲಿ ಕಟ್ಟಿದಾಗ ಮ್ಯಾಗಜಿನ್ ಬಿಡಿಸುವ ಬಟನ್ ಮೈ ಕಡೆಗಿರುತ್ತದೆ. ಜೀಪಿನಲ್ಲಿ ಕೂತಾಗ ಸೀಟು ಒತ್ತಿ ಬಟನ್ ಅದುಮಿದರೆ ಮ್ಯಾಗಜಿನ್ ಅರ್ಧ ಬೆರಳಷ್ಟು ಕೆಳಗಿಳಿಯುತ್ತದೆ. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದರೂ ಗುಂಡು ಚೇಂಬರಿಗೆ (ಸಿಡಿಯುವ ಮುನ್ನ ಕೂರುವ ಗೂಡಿಗೆ) ಏರುವುದಿಲ್ಲ.

ಚರ್ಮದ್ದು ಯೂನಿಫಾರಂಗೆ ಒಪ್ಪುತ್ತದೆ, ಸದ್ದು ಮಾಡುವುದಿಲ್ಲ, ಕೈಗೂ ಹಿತ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಮಾತ್ರ ಬೆವರು ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ. ಬೆವರಿನ ಉಪ್ಪು, ಹದ ಮಾಡುವಾಗ ಚರ್ಮದಲ್ಲಿ ಉಳಿದ ಲವಣ ಎರಡೂ ಸೇರಿ ಪಿಸ್ತೂಲಿನ ಕಪ್ಪು ಲೇಪವನ್ನು ತಿನ್ನುತ್ತವೆ. ತುಕ್ಕು ಚುಕ್ಕೆಚುಕ್ಕೆಯಾಗಿ ಏಳುತ್ತದೆ. ಡ್ಯೂಟಿ ಮುಗಿದ ಮೇಲೆ ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಲಾಕರಿಗಿಡಬಾರದು. ಪಿಸ್ತೂಲನ್ನು ಹಿಡಿದಿಡುವ ಪಟ್ಟಿಯ ಟಿಚ್ ಬಟನ್ ಸವೆದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ: ಹಿಡಿಕೆ ಹಿಡಿದು ಮೇಲಕ್ಕೆ ಜಗ್ಗಿದಾಗ ಬಟನ್ ತಾನಾಗಿ ಬಿಚ್ಚಿದರೆ ಅದನ್ನು ಅಂದೇ ಬದಲಿಸಿ.

ನಮ್ಮ ಆಯ್ಕೆ ಅಚ್ಚಿನಲ್ಲಿ ತಯಾರಾದ ಗಟ್ಟಿ ಪ್ಲಾಸ್ಟಿಕ್‌ನದು, ಅದರಲ್ಲೂ ತಾನಾಗಿ ಬೀಳುವ ಲಾಕ್ ಇರುವುದು. ಪಿಸ್ತೂಲು ಕೂರುತ್ತಿದ್ದಂತೆ ಒಳಗಿನ ಕೊಕ್ಕೆ ಖಾಲಿ ಕೇಸ್ ಹೊರಬರುವ ಕಿಂಡಿಗೆ ಟಕ್ಕನೆ ಸಿಕ್ಕಿಕೊಳ್ಳುತ್ತದೆ. ಮೇಲೊಂದು ಮುಚ್ಚಳ ಹಿಂದಿನಿಂದ ತಡೆಯುತ್ತದೆ. ಹೆಬ್ಬೆರಳಿಂದ ಬಿಡಿಸುವಂಥದ್ದನ್ನೇ ಕೇಳಿ. ತೋರುಬೆರಳಿಂದ ಬಟನ್ ಒತ್ತುವ ಬಗೆಯಲ್ಲಿ ಗಾಬರಿಯ ಹೊತ್ತಿಗೆ ಅದೇ ಬೆರಳು ಒತ್ತಿಕೊಂಡೇ ಟ್ರಿಗರ್ ಮೇಲೆ ಹೋಗುತ್ತದೆ, ತೊಡೆಗೇ ಗುಂಡು ಬೀಳುವ ಅಪಾಯ. ಅಚ್ಚು ಹೈಪವರ್‌ದೇ ಆಗಿರಬೇಕು. ಗ್ಲಾಕ್ 17 ಪಿಸ್ತೂಲಿನದ್ದು 1ಎಗೆ ಕೂರುವುದಿಲ್ಲ.

ಕಸಿಯುವವನನ್ನು ಎಷ್ಟು ತಡೆಯುತ್ತದೆ ಎಂದು ಹೋಲ್‌ಸ್ಟರ್ ಮೇಲೆ ಬರೆಯುವ ಲೆವೆಲ್ 2, ಲೆವೆಲ್ 3 ಎಂಬ ಅಂಕಿಗೆ ಮರುಳಾಗಬೇಡಿ. ಎಫ್‌ಬಿಐನಲ್ಲಿದ್ದ ಬಿಲ್ ರೋಜರ್ಸ್ ರೂಪಿಸಿದ ಪರೀಕ್ಷೆಯಲ್ಲಿ ಎದುರಾಳಿ ಹಿಡಿಕೆ ಹಿಡಿದು 5 ಸೆಕೆಂಡ್ ಜಗ್ಗಿದರೂ ಪಿಸ್ತೂಲು ಬರಬಾರದು. ಎಲ್ಲ ಕಂಪನಿಗಳೂ ಇದನ್ನು ಪಾಲಿಸುವುದಿಲ್ಲ, ಕೆಲವರು ಲಾಕ್ ಎಣಿಸಿ ಅಂಕಿ ಬರೆಯುತ್ತಾರೆ.

ಹಾಗಾಗಿ ನೀವೇ ಜಗ್ಗಿ ನೋಡಿ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ತರಬೇತಿಯ ಡಮ್ಮಿ ಪಿಸ್ತೂಲು ಸಿಕ್ಕರೆ ಇನ್ನೂ ಒಳ್ಳೆಯದು. ಬೆಲ್ಟ್ ಕಟ್ಟಿಕೊಂಡೇ ಸಹೋದ್ಯೋಗಿಯಿಂದ ಹಿಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಜಗ್ಗಿಸಿ. ಸೀಟ್‌ಬೆಲ್ಟ್ ಹಾಕಿ ಕೂತು ಎದ್ದು ನೋಡಿ. ಕೆಳಗೆ ನೋಡದೆ ಒಂದೇ ಕೈಯಲ್ಲಿ ವಾಪಸ್ ಇಡಿ. ಲಾಕ್ ಬಿದ್ದ ಸದ್ದು ಕೇಳಬೇಕು.

ಬೆಲ್ಟ್ ಸಡಿಲವಿದ್ದರೆ ಇದೆಲ್ಲ ವ್ಯರ್ಥ. ಎರಡೂಕಾಲು ಇಂಚಿನ ಡ್ಯೂಟಿ ಬೆಲ್ಟ್‌ಗೆ ಮಾಡಿದ ಹೋಲ್‌ಸ್ಟರ್ ಒಂದೂವರೆ ಇಂಚಿನ ಬೆಲ್ಟ್ ಮೇಲೆ ಓಲಾಡುತ್ತದೆ, ಜಗ್ಗಿದವನಿಗೆ ಅದೇ ಸನ್ನೆಕೋಲು.

ಭೀಮಸಮುದ್ರದ ಕಡೆ ಗಣಿ ಲಾರಿಗಳ ಧೂಳಿನಲ್ಲಿ ಡ್ಯೂಟಿ ಇರುವವರು ಲಾಕಿಗೆ ಎಣ್ಣೆ ಬಿಡಬಾರದು, ಧೂಳು ಮೆತ್ತಿ ಕೊಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಸ್ಕ್ರೂಗಳನ್ನು ವಾರಕ್ಕೊಮ್ಮೆ ಬಿಗಿ ನೋಡಿ. ಸಡಿಲವಾಗುತ್ತಿದ್ದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಹಿಡಿದಿಡುವ ಅಂಟು) ಒಂದು ಹನಿ ಹಾಕಿ.