ವಾಲೆಟ್ಟಾ: ಮೊಣಕಾಲು ನೋವಿದ್ದವರೂ ಹೋಗಬಹುದು

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಮಕ್ಕಳು ನರ್ಸಿಂಗ್ ಕೆಲಸಕ್ಕೆ ಯುರೋಪಿನ ದ್ವೀಪದೇಶ ಮಾಲ್ಟಾಕ್ಕೆ ಹೋಗುವುದು ಈಗ ಹೊಸತಲ್ಲ. ನಮ್ಮ ಮಗಳೂ ಅಲ್ಲೇ ಇದ್ದಾಳೆ. ಮಕ್ಕಳನ್ನು ನೋಡಲು ಹೊರಟವರು ನನ್ನಲ್ಲಿ ಕೇಳುವುದು ಒಂದೇ: "ಅಲ್ಲಿ ನಡೆಯಲಿಕ್ಕೆ ಆಗ್ತದಾ ಭಾವಾ?"

ಆಗುತ್ತದೆ. ಆದರೆ ಯಾವ ಕಡೆಯಿಂದ ಊರೊಳಗೆ ಹೋಗುತ್ತೀರಿ ಅನ್ನುವುದು ಮುಖ್ಯ. ರಾಜಧಾನಿ ವಾಲೆಟ್ಟಾ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಎರಡೂ ಬದಿಗೆ ಬಂದರು, ನಡುವಿನ ಗುಡ್ಡದ ಮೇಲೆ ಊರು. ಅಡ್ಡಬೀದಿಗಳೆಲ್ಲ ಇಳಿಜಾರು, ಕೆಲವು ಬರೀ ಮೆಟ್ಟಿಲು. ಎದುರು ದಡದ ಸ್ಲೀಮಾ ಪಟ್ಟಣದಿಂದ ದೋಣಿಯಲ್ಲಿ ಬಂದರೆ ನೋಟ ಚಂದ, ಇಳಿದ ಮೇಲೆ ಏರು ಜಾಸ್ತಿ. ಬಸ್ಸಾದರೆ ಊರಬಾಗಿಲಿನ ಎದುರೇ ಇಳಿಸುತ್ತದೆ. ನಾವು ಬಸ್ಸಿನಲ್ಲೇ ಹೋದೆವು.

ದುಡ್ಡು ಖರ್ಚು ಮಾಡುವುದಾದರೆ ಸೇಂಟ್ ಜಾನ್ ಇಗರ್ಜಿಗೆ ಮಾಡಿ. ಹೊರಗಿನಿಂದ ಏನೂ ಇಲ್ಲ, ಯಾವುದೋ ಹಳೇ ಉಗ್ರಾಣದ ಗೋಡೆ ಇದ್ದ ಹಾಗೆ. ಒಳಗೆ ಕಾಲಿಟ್ಟರೆ ಪೂರಾ ಚಿನ್ನದ ಬಣ್ಣ. ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆ, ಒಂದೊಂದೂ ಒಬ್ಬೊಬ್ಬ ನೈಟ್‌ನ (ಹಿಂದೆ ಈ ದ್ವೀಪ ಆಳುತ್ತಿದ್ದ ಕ್ರೈಸ್ತ ಯೋಧರ ಪಂಥದವನ) ಸಮಾಧಿ ಕಲ್ಲು. ಕೆಲವದರಲ್ಲಿ ಅಸ್ಥಿಪಂಜರದ ಚಿತ್ರಗಳೂ ಇವೆ. ಅದನ್ನು ತುಳಿದು ನಡೆಯಲು ಮನೆಯವಳಿಗೆ ಮನಸ್ಸೇ ಬರಲಿಲ್ಲ. ಚೂಪು ಹೀಲಿನ ಚಪ್ಪಲಿಗೆ ಅಲ್ಲಿ ಪ್ರವೇಶ ಇಲ್ಲ, ನೆನಪಿರಲಿ.

ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜಿಯೊ 1608ರಲ್ಲಿ ಬರೆದ ದೊಡ್ಡ ಚಿತ್ರ ಇದೆ, ಸಂತ ಜಾನನ ತಲೆ ಕಡಿಯುವುದು. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಸಹಿ ಎಲ್ಲಿ ಗೊತ್ತಾ? ಸಂತನ ಕುತ್ತಿಗೆಯಿಂದ ಹರಿದ ರಕ್ತದಲ್ಲಿ! ರೋಮಿನಲ್ಲಿ ಒಬ್ಬನನ್ನು ಕೊಂದು ಓಡಿ ಬಂದ ಮನುಷ್ಯ. ಇಲ್ಲಿ ಅವನನ್ನು ನೈಟ್ ಮಾಡಿದರು, ಅದೇ ವರ್ಷ ಹೊರಗೂ ಹಾಕಿದರು. ಚಿತ್ರದ ಎದುರು ಬೆಂಚಿದೆ. ನಾನು ಎದ್ದದ್ದು ಮಗಳು ಎರಡು ಸಲ ಕರೆದ ಮೇಲೆ.

12 ಗಂಟೆಗೆ ಅಪ್ಪರ್ ಬಾರಾಕ್ಕಾ ತೋಟದಲ್ಲಿರಿ. ಕೆಳಗೆ ಫಿರಂಗಿ ಹೊಡೆಯುತ್ತಾರೆ. ಮೇಲಿನಿಂದ ನೋಡಲು ಟಿಕೆಟ್ ಬೇಡ.

ಊಟಕ್ಕೆ ಬೀದಿ ಮೇಲೆ ಕುರ್ಚಿ ಹಾಕಿದ ಹೋಟೆಲುಗಳಿಗೆ ಹೋಗಬೇಡಿ. ಒಂದು ಕಡೆ ಸಸ್ಯಾಹಾರ ಎಂದು ನಾಲ್ಕು ಎಲೆ, ಎರಡು ಟೊಮೆಟೊ ಕೊಟ್ಟು ಚೆನ್ನಾಗಿ ಬೋಳಿಸಿದರು. ಪಸ್ತಿತ್ಸಿ ತಿನ್ನಿ, ಅಗ್ಗ. ಪದರ ಪದರ ಗರಿಗರಿ, ಒಳಗೆ ಬಟಾಣಿ ಅಥವಾ ಚೀಸ್. ಹಳೆಯ ಕ್ರಮದಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರಂತೆ, ಕೇಳಿಯೇ ತಿನ್ನಿ. ಅಂಗಡಿಯಲ್ಲಿದ್ದ ಹುಡುಗ ತಲಶ್ಶೇರಿಯವನು, ಮಲಯಾಳದಲ್ಲೇ ವಿಚಾರಿಸಿದೆ. ಊರಲ್ಲಿ ಮಲಯಾಳ ಬೋರ್ಡು ಕಂಡರೆ ಗೊಣಗುವವ ನಾನು! ಮಗಳು ಇವತ್ತಿಗೂ ಹೇಳಿ ನಗುತ್ತಾಳೆ.

ಬಂದರು ಸುತ್ತಿಸುವ ದೊಡ್ಡ ಬೋಟಿನವರು ದಾರಿಯುದ್ದಕ್ಕೂ ಕರೆಯುತ್ತಾರೆ. ಬೇಡ. ಬಾರಾಕ್ಕಾ ತೋಟದಿಂದ 58 ಮೀಟರ್ ಎತ್ತರದ ಲಿಫ್ಟಿನಲ್ಲಿ ಇಳಿದು, ಊರವರೇ ಓಡಾಡುವ ಫೆರಿಯಲ್ಲಿ ಆಚೆ ದಡದ ಮೂರು ಪಟ್ಟಣಗಳ ಕಡೆ ಹೋಗಿ ಬನ್ನಿ. ಕೋಟೆ ಗೋಡೆಗಳು ನೀರಿನಿಂದ ನೇರ ಎದ್ದು ನಿಂತದ್ದು ಅಲ್ಲಿಂದಲೇ ಸರಿಯಾಗಿ ಕಾಣುತ್ತದೆ. ವಾಪಸು ಬಂದು ಲಿಫ್ಟ್ ಹತ್ತಿದರಾಯಿತು, ಮೊಣಕಾಲಿಗೆ ಕೆಲಸವೇ ಇಲ್ಲ.

ಸೇಂಟ್ ಎಲ್ಮೊ ಕೋಟೆ ಊರಿನ ಇನ್ನೊಂದು ತುದಿಯ ತಗ್ಗಿನಲ್ಲಿದೆ. 1565ರಲ್ಲಿ ಆಟೊಮನ್ ತುರ್ಕರು ಮುತ್ತಿಗೆ ಹಾಕಿ ಹಿಡಿದ ಕೋಟೆ ಅದು. ಆ ಯುದ್ಧ ಮುಗಿದ ಮರುವರ್ಷವೇ ನೈಟ್‌ಗಳು ಈ ಊರು ಕಟ್ಟಲು ಶುರು ಮಾಡಿದ್ದು. ಒಳಗಿನ ಮ್ಯೂಸಿಯಮ್ಮಿನಲ್ಲಿ 1942ರಲ್ಲಿ ಇಡೀ ದ್ವೀಪಕ್ಕೆ ಕೊಟ್ಟ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕ ಇದೆ. ಚರಿತ್ರೆಯ ಹುಚ್ಚು ಇದ್ದರೆ ಮಾತ್ರ ಹೋಗಿ, ವಾಪಸು ಬರುವಾಗ ಏರು.

ಇನ್ನೊಂದು, ಭಾನುವಾರ ಹೋಗಬೇಡಿ. ಆ ದಿನ ಇಗರ್ಜಿ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಮಗಳಿಗೆ ಭಾನುವಾರವೇ ರಜೆ ಇದ್ದರೆ, ಯಾರ ಹತ್ತಿರವಾದರೂ ಡ್ಯೂಟಿ ಬದಲಿಸಿಕೊಳ್ಳಲು ಮೊದಲೇ ಹೇಳಿಡಿ.