ಅಮೆಜಾನ್ ಸ್ವೋರ್ಡ್ ಗಿಡಕ್ಕೆ ಬೇರು ಗೊಬ್ಬರದ ಕ್ಯಾಪ್ಸೂಲು: ದೀರ್ಘ ಬಳಕೆಯ ನಂತರ

ಮೀನಿನ ತೊಟ್ಟಿಯ ತಳದ ಗ್ರಾವೆಲ್‌ನೊಳಗೆ (ಸಣ್ಣ ಕಲ್ಲುಹರಳುಗಳೊಳಗೆ) ನೀರುಗಿಡಗಳ ಬೇರಿಗೆಂದು ಊರಿದ ಗೊಬ್ಬರದ ಕ್ಯಾಪ್ಸೂಲು ಅಲ್ಲಿಯೇ ಉಳಿಯಬೇಕು ಎಂಬುದು ಕೊಂಡವರ ಕನಿಷ್ಠ ನಿರೀಕ್ಷೆ. ಎರಡು ವರ್ಷಗಳಿಗೂ ಹೆಚ್ಚು ಕಾಲ ಬಳಸಿದ ಮೇಲೂ ಈ ಒಂದು ವಿಷಯದಲ್ಲಿ ನನ್ನ ಅಸಮಾಧಾನ ಕಡಿಮೆಯಾಗಿಲ್ಲ. ಜೆಲಟಿನ್ ಕೋಶದೊಳಗೆ ಗೊಬ್ಬರದ ಹರಳುಗಳ ನಡುವೆ ಗಾಳಿ ಉಳಿದಿರುವುದರಿಂದ, ಚಿಮಟದಲ್ಲಿ ಹಿಡಿದು ತಳದವರೆಗೆ ಒತ್ತಿ ಕೈ ತೆಗೆಯುವಷ್ಟರಲ್ಲಿ ಅದು ಮೆಲ್ಲನೆ ಮೇಲೆದ್ದು ತೇಲತೊಡಗುತ್ತದೆ. ಹಾಗೆಯೇ ಬಿಟ್ಟರೆ ಕೋಶ ಕರಗಿ, ಒಳಗಿನ ಅಮೋನಿಯಂ ಬೇರಿಗೆ ದಕ್ಕುವ ಬದಲು ನೀರಿಗೆ ಸೇರುತ್ತದೆ. ಮೀನಿಗೆ ಅದು ಅಪಾಯ, ಪಾಚಿಗೆ ಹಬ್ಬ. ಊರುವ ಮೊದಲು ಎರಡೂ ತುದಿಗೆ ಗುಂಡುಸೂಜಿಯಿಂದ ಚುಚ್ಚಿ, ನೀರೊಳಗೆ ಹಿಡಿದು ಗುಳ್ಳೆಗಳು ಹೊರಡುವವರೆಗೆ ಕಾದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇಷ್ಟನ್ನು ತಯಾರಕರೇ ಪೊಟ್ಟಣದ ಮೇಲೆ ಮುದ್ರಿಸಬಹುದಿತ್ತು.

ಆದರೂ ಇದನ್ನು ಬಿಡದಿರಲು ಕಾರಣ, ನನ್ನ ಮೂರಡಿ ತೊಟ್ಟಿಯ ನಡುವೆ ನಿಂತಿರುವ ಅಮೆಜಾನ್ ಸ್ವೋರ್ಡ್ ಎಂಬ ನೀರುಗಿಡ. ನರ್ಸರಿಗಳಲ್ಲಿ ಈ ಗಿಡವನ್ನು ಸಾಮಾನ್ಯವಾಗಿ ಎಲೆಗಳು ನೀರಿನಿಂದ ಹೊರಗಿರುವಂತೆ ಬೆಳೆಸುವುದರಿಂದ, ತೊಟ್ಟಿಗೆ ತಂದ ಹೊಸತರಲ್ಲಿ ಆ ಎಲೆಗಳು ಕೊಳೆತು, ನೀರಿಗೆ ಒಗ್ಗಿದ ತೆಳ್ಳನೆಯ ಉದ್ದ ಎಲೆಗಳು ನಡುವಿನಿಂದ ಹೊರಡುತ್ತವೆ. ಆಮೇಲೆ ಅದು ಬೇರಿನಿಂದಲೇ ಹೆಚ್ಚು ಉಣ್ಣುವ ಗಿಡ. ಬರಿಯ ಗ್ರಾವೆಲ್‌ನಲ್ಲಿದ್ದಾಗ ಹಳೆಯ ಎಲೆಗಳಲ್ಲಿ ಪೊಟ್ಯಾಸಿಯಂ ಕೊರತೆಯ ಸಣ್ಣ ತೂತುಗಳೂ ಹೊಸ ಎಲೆಗಳಲ್ಲಿ ಕಬ್ಬಿಣದ ಕೊರತೆಯ ಬಿಳಿಚಿದ ಹಳದಿಯೂ ಕಾಣಿಸಿಕೊಂಡಿದ್ದವು. ಬುಡದಿಂದ ನಾಲ್ಕು ಬೆರಳು ದೂರದಲ್ಲಿ, ಸುತ್ತಲೂ ಕ್ಯಾಪ್ಸೂಲು ಊರಿದ ಮೇಲೆ ಚಿಗುರಿದ ಎಲೆಗಳಲ್ಲಿ ಇವೆರಡೂ ಇಲ್ಲ. ತೂತು ಬಿದ್ದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲವಾದ್ದರಿಂದ, ಗೊಬ್ಬರ ಹಿಡಿಯಿತೇ ಎಂಬುದನ್ನು ಹೊಸ ಎಲೆಯಲ್ಲಿಯೇ ನೋಡಬೇಕು.

ಇದು ಕೊಡುವ ನಿಜವಾದ ಸುಖ ಭಾನುವಾರದ ಕತ್ತರಿ ಕೆಲಸದಲ್ಲಿದೆ. ನೀರು ಬದಲಿಸಲೆಂದು ಅರ್ಧದಷ್ಟು ತೆಗೆದಾಗ ಎಲೆಗಳು ಒಂದರ ಮೇಲೊಂದು ಬಾಗಿ ಬುಡ ಕಾಣಿಸುತ್ತದೆ. ಆಗ ಹೊರಸುತ್ತಿನ, ಪಾಚಿ ಹಿಡಿದ ಎಲೆಯ ತೊಟ್ಟನ್ನು ಬೆರಳಿನಿಂದ ಕೆಳಗಿನವರೆಗೂ ಸವರಿ, ಕಾಂಡಕ್ಕೆ ಸೇರುವಲ್ಲಿ ಬಾಗುಕತ್ತರಿಯಿಂದ ತುಂಡರಿಸುತ್ತೇನೆ. ಅರ್ಧ ಎಲೆ ಉಳಿಸಿದರೆ ಉಳಿದದ್ದು ಕೊಳೆಯುತ್ತದೆ. ಒಂದೇ ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಗಿಡ ಸೊರಗುತ್ತದೆ. ಬುಡದ ಕುಡಿಯನ್ನು ಗ್ರಾವೆಲ್ ಮುಚ್ಚಿದ್ದರೆ ಅದನ್ನು ಸರಿಸಿ ಬಿಡಿಸುತ್ತೇನೆ, ಏಕೆಂದರೆ ಹೂತುಹೋದ ಕುಡಿ ಕೊಳೆಯುತ್ತದೆ. ಹೂದಂಟು ಬಂದಾಗ ಮಾತ್ರ ಕತ್ತರಿ ತಡೆಯುತ್ತೇನೆ: ಅದರ ಗಿಣ್ಣುಗಳಲ್ಲಿ ಮೂಡುವ ಮರಿಗಳು ನಾಲ್ಕೈದು ಎಲೆಯನ್ನೂ ಬೆರಳುದ್ದ ಬೇರನ್ನೂ ಪಡೆದ ಮೇಲೆ ಬೇರ್ಪಡಿಸಿ ಸ್ನೇಹಿತರಿಗೆ ಕೊಡುತ್ತೇನೆ.

ಗಿಡ ಇಷ್ಟು ಕೊಬ್ಬಿದ್ದರಿಂದ ಮುಂಭಾಗದ ಕುಳ್ಳ ಗಿಡಗಳಿಗೆ ಬೆಳಕು ಸಾಲದಾಗಿದೆ. ಆದ್ದರಿಂದ ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಅರ್ಧವನ್ನಷ್ಟೇ ಈಗ ಊರುತ್ತಿದ್ದೇನೆ. ಹೊಸ ಎಲೆಯ ಬಣ್ಣ ಕುಂದಿಲ್ಲ, ಖರ್ಚೂ ಅರ್ಧವಾಗಿದೆ. ಕರಾವಳಿಯವರಾದ ನಮಗೆ ಮುರಕಲ್ಲಿನ (ಲ್ಯಾಟರೈಟ್) ಕೆಂಪು ಮಣ್ಣು ಪುಕ್ಕಟೆ ಸಿಗುವಾಗ ಗೊಬ್ಬರಕ್ಕೆ ಹಣ ತೆರುವುದು ಸ್ವಲ್ಪ ನೋವಿನ ಸಂಗತಿಯೇ. ಯುರೋಪಿನಲ್ಲಿ ಒಂದು ಕಾಲಕ್ಕೆ ಇದೇ ಬಗೆಯ ಮಣ್ಣನ್ನು ಕಬ್ಬಿಣಕ್ಕಾಗಿ ತೊಟ್ಟಿಯ ತಳಕ್ಕೆ ಕೊಂಡು ಹಾಕುತ್ತಿದ್ದರು. ಆದರೆ ಮಳೆಯಲ್ಲಿ ತೊಳೆದುಹೋದ ಆ ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದ್ದರೂ ಸಾರಜನಕ, ಪೊಟ್ಯಾಸಿಯಂ ಅತ್ಯಲ್ಪ. ಉಂಡೆ ಕಟ್ಟಿ ಊರಿದರೂ ಅದು ಕ್ಯಾಪ್ಸೂಲಿಗೆ ಪೂರಕವಾದೀತೇ ಹೊರತು ಬದಲಿಯಾಗದು.

ಸ್ವೋರ್ಡ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾಗಳಂತೆ ಆಳಕ್ಕೆ ಬೇರಿಳಿಸುವ ಗಿಡಗಳಿದ್ದವರು ಸೂಜಿಯ ಕಿರಿಕಿರಿಯನ್ನು ಸಹಿಸಿಯಾದರೂ ಇದನ್ನು ಕೊಳ್ಳಬಹುದು. ಕಟ್ಟಿಗೆಗೆ ಕಟ್ಟಿದ ಅನುಬಿಯಾಸ್, ಜಾವಾ ಫರ್ನ್ ಮಾತ್ರ ಇರುವವರಿಗೆ ಇದು ಬೇಕಿಲ್ಲ. ನೀರಿಗೆ ಹಾಕುವ ದ್ರವ ಗೊಬ್ಬರವೇ ಅವಕ್ಕೆ ಸಾಕು.