ಬರಿಗಾಲು, ತೆಳು ಶೂ, ದಪ್ಪ ಶೂ: ಮೂರರಲ್ಲೂ ಓಡಿ ನೋಡಿದ ಮೇಲೆ

ಬರಿಗಾಲಿನಲ್ಲಿ ಓಡಬೇಕೆಂದು ಮನಸ್ಸು ಮಾಡಿದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಹೀಗಿರುತ್ತದೆ: ಮೊದಲು ದಪ್ಪ ಶೂ ಬಿಟ್ಟು ತೆಳು ಅಟ್ಟೆಯ ಮಿನಿಮಲಿಸ್ಟ್ ಶೂ ಹಾಕಿಕೊಳ್ಳಿ, ಅದು ರೂಢಿಯಾದ ಮೇಲೆ ಅದನ್ನೂ ಕಳಚಿಡಿ. ಮೂರರಲ್ಲೂ ಒಂದೇ ದಾರಿಯಲ್ಲಿ ಬಹುಕಾಲ ಓಡಿದ ಮೇಲೆ ನನಗೆ ಖಚಿತವಾಗಿರುವುದು ಈ ಕ್ರಮವೇ ತಲೆಕೆಳಗು ಎಂದು. ಬರಿಗಾಲು ಮೊದಲು ಬರಬೇಕು, ತೆಳು ಶೂ ಆಮೇಲೆ. ತೆಳು ಶೂವನ್ನು ಬರಿಗಾಲಿಗೂ ದಪ್ಪ ಶೂಗೂ ನಡುವಿನ ವಸ್ತು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಕಾಲಿನ ಮೇಲೆ ಹಾಕುವ ಭಾರದಲ್ಲಿ ಅದು ಬರಿಗಾಲಿಗೆ ಹತ್ತಿರ, ಆ ಭಾರದ ಸುದ್ದಿಯನ್ನು ನಮಗೆ ಮುಟ್ಟಿಸುವುದರಲ್ಲಿ ದಪ್ಪ ಶೂಗೆ ಹತ್ತಿರ. ಅಪಾಯ ಇರುವುದೇ ಇಲ್ಲಿ.

ಯಾವುದನ್ನು ತೆಳು ಶೂ ಎನ್ನಬೇಕು ಎಂಬುದಕ್ಕೆ 2015ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಂದು ಅಳತೆಗೋಲು ರೂಪಿಸಿದರು. ಶೂ ತೂಕ, ಅಟ್ಟೆಯ ದಪ್ಪ, ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, ಬಾಗುವ ಗುಣ, ಪಾದವನ್ನು ಹಿಡಿದು ನಿಲ್ಲಿಸುವ ಆಸರೆಗಳು ಇಲ್ಲದಿರುವುದು, ಈ ಐದನ್ನು ಅದು ನೋಡುತ್ತದೆ. ನಾನು ಬಳಸುವ ಜೋಡಿಯ ಹಿಮ್ಮಡಿಯೂ ಮುಂಗಾಲೂ ಒಂದೇ ಮಟ್ಟದಲ್ಲಿವೆ. ಕೈಯಲ್ಲಿ ಹಿಡಿದು ಚಾಪೆಯಂತೆ ಸುತ್ತಬಹುದು. ನನ್ನ ದಪ್ಪ ಶೂವಿನ ಹಿಮ್ಮಡಿ ಮುಂಗಾಲಿಗಿಂತ ಹತ್ತು ಮಿಲಿಮೀಟರ್ ಎತ್ತರ. ಈಗಿನ ಶೂಗಳ ಮೆತ್ತೆ ಎಷ್ಟು ಬೆಳೆದಿದೆಯೆಂದರೆ, ರಸ್ತೆ ಓಟದ ಸ್ಪರ್ಧೆಗಳಲ್ಲಿ ಅಟ್ಟೆ 40 ಮಿಲಿಮೀಟರ್ ಮೀರಕೂಡದು ಎಂದು ಅಥ್ಲೆಟಿಕ್ಸ್‌ನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಿತಿ ಹಾಕಬೇಕಾಯಿತು. ಅದೇ ನಿಯಮಾವಳಿ ಬರಿಗಾಲಿನಲ್ಲಿ ಸ್ಪರ್ಧಿಸಲೂ ಅವಕಾಶ ಕೊಡುತ್ತದೆ, ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಲೂ ಕೊಡುತ್ತದೆ!

ದಪ್ಪ ಶೂವನ್ನು ಬೈಯುವುದು ಬರಿಗಾಲಿನ ಓಟಗಾರರಲ್ಲಿ ಒಂದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಹಿಂದಿನ ದಿನದ ಓಟದಿಂದ ಮೀನಖಂಡ ಬಿಗಿದುಕೊಂಡಿದ್ದಾಗ, ಉದ್ದದ ಇಳಿಜಾರಿನಲ್ಲಿ, ಜಲ್ಲಿ ಚೆಲ್ಲಿದ ದಾರಿಯಲ್ಲಿ ಅದು ಕೊಡುವ ನೆಮ್ಮದಿ ನಿಜವಾದದ್ದು. ಶಕ್ತಿ ಉಳಿತಾಯದ ಲೆಕ್ಕವೂ ಬರಿಗಾಲಿನ ಕಡೆಗೇ ವಾಲುವುದಿಲ್ಲ. ಪ್ರತಿ ಪಾದದ ಮೇಲೆ 100 ಗ್ರಾಂ ತೂಕ ಹೆಚ್ಚಿದರೆ ಓಟಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಶೇ 1ರಷ್ಟು ಏರುತ್ತದೆ ಎಂಬುದು ಸರಿ. ಆದರೆ ಹಗುರವಾದ ಮೆತ್ತನೆಯ ಶೂವನ್ನು ಬರಿಗಾಲಿನೊಡನೆ ಹೋಲಿಸಿದ 2012ರ ಅಧ್ಯಯನದಲ್ಲಿ ಬರಿಗಾಲಿಗೆ ಯಾವ ಲಾಭವೂ ಕಾಣಲಿಲ್ಲ. ಮೆತ್ತೆ ಇಲ್ಲದಿದ್ದಾಗ ಆಘಾತವನ್ನು ತಾಳುವ ಕೆಲಸವನ್ನು ಸ್ನಾಯುಗಳೇ ಮಾಡಬೇಕು, ಆ ಕೆಲಸಕ್ಕೂ ಶಕ್ತಿ ಬೇಕು. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. 1964ರಲ್ಲಿ ಟೋಕಿಯೊದಲ್ಲಿ ಅದೇ ಬಿಕಿಲ ಶೂ ಧರಿಸಿ ಅದಕ್ಕಿಂತ ಮೂರು ನಿಮಿಷ ಬೇಗ ಓಡಿ ಮತ್ತೆ ಚಿನ್ನ ಗೆದ್ದರು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಹಾಗಾದರೆ ಬರಿಗಾಲು ಏಕೆ? ಕಲಿಯುವುದಕ್ಕೆ. ಅಷ್ಟು ಚೆನ್ನಾಗಿ ಓಟ ಕಲಿಸುವ ಇನ್ನೊಂದು ಸಾಧನವನ್ನು ನಾನು ಕಂಡಿಲ್ಲ.

ಶೂ ಕಳಚಿ ನುಣುಪಾದ ಕಾಂಕ್ರೀಟಿನ ಮೇಲೆ ಓಡತೊಡಗಿದರೆ ಮೊದಲು ಬದಲಾಗುವುದು ಸದ್ದು. ದಪ್ಪ ಶೂವಿನಲ್ಲಿ ಹಿಮ್ಮಡಿ ದಪ್ ದಪ್ ಎಂದು ಬೀಳುತ್ತಿದ್ದದ್ದು ನಿಲ್ಲುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ನಿಮಿಷಕ್ಕೆ ಬೀಳುವ ಹೆಜ್ಜೆಗಳು ಹೆಚ್ಚುತ್ತವೆ, ಪಾದ ದೇಹದ ಮುಂದೆ ದೂರ ಚಾಚುವ ಬದಲು ಸೊಂಟದ ಕೆಳಗೇ ಇಳಿಯುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ಹಿಮ್ಮಡಿ ಕುಟ್ಟಿದರೆ ನೋಯುತ್ತದೆ, ಅಷ್ಟೇ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದನ್ನೇ: ಮುಂಗಾಲನ್ನು ಮೊದಲು ಊರುವ ಬರಿಗಾಲಿನ ಓಟದಲ್ಲಿ, ನೆಲ ಮುಟ್ಟಿದ ಕ್ಷಣದ ಚೂಪಾದ ಆಘಾತ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಇದನ್ನು ಜಗದ ನಿಯಮವೆಂದು ಹಿಡಿಯಬಾರದು. ಹುಟ್ಟಿನಿಂದ ಬರಿಗಾಲಿನಲ್ಲೇ ಬೆಳೆದ ಕೀನ್ಯಾದ ದಾಸನಾಚ್ ಜನರನ್ನು 2013ರಲ್ಲಿ ಅಧ್ಯಯನ ಮಾಡಿದಾಗ, ನಿಧಾನದ ದೂರದ ಓಟದಲ್ಲಿ ಅವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ವೇಗ, ನೆಲ, ಅಭ್ಯಾಸ ಎಲ್ಲವೂ ಸೇರಿಯೇ ಪಾದ ಹೇಗೆ ಊರಬೇಕೆಂದು ತೀರ್ಮಾನವಾಗುತ್ತದೆ.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅಂಗಾಲಿನ ಚರ್ಮ. ಹೆಬ್ಬೆರಳ ಬುಡದಲ್ಲಿ ಉರಿ ಶುರುವಾದರೆ ನೆಲವನ್ನು ಹಿಂದಕ್ಕೆ ಕೆರೆಯುತ್ತಿದ್ದೇನೆ ಎಂದರ್ಥ. ಅಂಗಾಲಿನ ಹೊರ ಅಂಚಿನಲ್ಲಿ ಗುಳ್ಳೆ ಎದ್ದರೆ ಪಾದ ಇಳಿಯುವಾಗ ಜಾರುತ್ತಿದೆ. ಬೆರಳ ತುದಿ ಸವೆದಿದ್ದರೆ ಕಾಲನ್ನು ಎತ್ತುವ ಬದಲು ತಳ್ಳುತ್ತಿದ್ದೇನೆ. ಮಂಡಿಯನ್ನು ಸಡಿಲಬಿಟ್ಟು, ಪಾದವನ್ನು ನೇರ ಮೇಲಕ್ಕೆ ಎತ್ತಿದರೆ ಅದೇ ರಸ್ತೆಯಲ್ಲಿ ಉರಿ ಇಳಿಯುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ರಸ್ತೆಯ ಅಂಚಿನ ಬಿಳಿ ಬಣ್ಣದ ಪಟ್ಟಿಯ ಮೇಲೆ ಕಾಲಿಟ್ಟರೆ ಪಕ್ಕದ ಡಾಂಬರಿಗಿಂತ ಅದೆಷ್ಟು ತಣ್ಣಗೆ, ಅದೆಷ್ಟು ನುಣುಪು ಎಂಬುದು ಶೂ ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ಚರ್ಮ ಗಟ್ಟಿಯಾದರೆ ಈ ಸಂವೇದನೆ ಹೋಗುತ್ತದೆ ಎಂಬ ಭಯ ನನಗೂ ಇತ್ತು. ಹಾಗೇನೂ ಆಗಲಿಲ್ಲ; ನಡಿಗೆಯ ಕುರಿತ 2019ರ ಒಂದು ಅಧ್ಯಯನವೂ ದಪ್ಪಗಾದ ಅಂಗಾಲು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದಿಲ್ಲ ಎಂದೇ ಕಂಡುಕೊಂಡಿದೆ. ಚರ್ಮ ರಕ್ಷಣೆಯನ್ನೂ ಕೊಡುತ್ತದೆ, ಸುದ್ದಿಯನ್ನೂ ತಲುಪಿಸುತ್ತದೆ. ಮೆತ್ತೆ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಿತ್ತುಕೊಳ್ಳುತ್ತದೆ.

ಜೊತೆಗೆ ಚರ್ಮ ಓಟದ ದೂರವನ್ನೂ ಹಿಡಿತದಲ್ಲಿಡುತ್ತದೆ. ಆರಂಭದಲ್ಲಿ ಅಂಗಾಲು ಕೆಲವೇ ನಿಮಿಷಗಳಲ್ಲಿ ಸಾಕು ಎನ್ನುತ್ತದೆ, ಆಗ ನಿಲ್ಲಿಸಲೇಬೇಕು. ಒಳಗಿನ ಎಲುಬು, ಸ್ನಾಯುರಜ್ಜುಗಳಿಗೆ ಹೊಸ ಭಾರಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಅವು ಸಿದ್ಧವಾಗುವವರೆಗೆ ಚರ್ಮ ನಮ್ಮನ್ನು ತಡೆದು ನಿಲ್ಲಿಸುತ್ತದೆ.

ತೆಳು ಶೂ ಈ ಕಾವಲನ್ನು ತೆಗೆದುಹಾಕುತ್ತದೆ. ನಾಲ್ಕೈದು ಮಿಲಿಮೀಟರ್ ರಬ್ಬರು ಕಾಲಡಿಗೆ ಬಂದದ್ದೇ ತಡ, ಉರಿ ಇಲ್ಲ, ಚುಚ್ಚುವುದಿಲ್ಲ. ಮೈ ಹಗುರ, ಕಾಲು ಹಗುರ, ಇನ್ನಷ್ಟು ದೂರ ಹೋಗೋಣ ಎನ್ನಿಸುತ್ತದೆ. ಆದರೆ ಮೆತ್ತೆಯಿಲ್ಲದ ಓಟದಲ್ಲಿ ಮಂಡಿಯಿಂದ ಕೆಳಕ್ಕೆ ಸರಿದ ಭಾರ ಕಣಕಾಲು, ಮೀನಖಂಡ, ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜುಗಳ ಮೇಲೆ ಹಾಗೆಯೇ ಕೂತಿರುತ್ತದೆ. ಅವು ಓಡುವಾಗ ದೂರುವುದಿಲ್ಲ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ದೂರುತ್ತವೆ. ಪಾದದ ನಡುವಿನ ಉದ್ದದ ಎಲುಬುಗಳಂತೂ ಇನ್ನೂ ತಡವಾಗಿ ಬಾಯಿಬಿಡುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 36 ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು 10 ವಾರಗಳಲ್ಲಿ ಬೆರಳು ಬಿಡಿಬಿಡಿಯಾದ ತೆಳು ಶೂಗೆ ಹಂತಹಂತವಾಗಿ ಬದಲಿಸಿದರು. ಆ ಗುಂಪಿನ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಹೆಚ್ಚಿದ್ದು ಎಂಆರ್‌ಐ ಸ್ಕ್ಯಾನ್‌ನಲ್ಲಿ ಕಂಡಿತು. 2017ರ ಇನ್ನೊಂದು ಅಧ್ಯಯನದ ಪ್ರಕಾರ ಸುಮಾರು 71 ಕಿಲೋಗಿಂತ ಹೆಚ್ಚು ತೂಕವಿದ್ದವರು ತೆಳು ಶೂವಿನಲ್ಲಿ ಗಾಯಗೊಳ್ಳುವ ಸಂಭವ ಹೆಚ್ಚು. ಇಂಥ ಶೂ ಕಾಲನ್ನು ಬಲಪಡಿಸಿ ಗಾಯ ತಪ್ಪಿಸುತ್ತದೆ ಎಂದು ಪ್ರಚಾರ ಮಾಡಿದ್ದಕ್ಕೆ, ಬೆರಳು ಬಿಡಿಬಿಡಿಯಾದ ಶೂ ತಯಾರಿಸುವ ವಿಬ್ರಾಮ್ ಕಂಪನಿ ಅಮೆರಿಕದಲ್ಲಿ ಮೊಕದ್ದಮೆ ಎದುರಿಸಿ, ತಪ್ಪನ್ನು ಒಪ್ಪಿಕೊಳ್ಳದೆಯೇ 2014ರಲ್ಲಿ 37.5 ಲಕ್ಷ ಡಾಲರ್‌ಗಳಿಗೆ ರಾಜಿ ಮಾಡಿಕೊಂಡಿತು.

ಇಷ್ಟೆಲ್ಲ ಹೇಳಿದರೂ ನನ್ನ ಓಟದ ಹೆಚ್ಚಿನ ಪಾಲು ಈಗ ತೆಳು ಶೂವಿನಲ್ಲೇ ನಡೆಯುತ್ತದೆ. ಬರಿಗಾಲಿನ ಮಿತಿಗಳು ಹಟಕ್ಕೆ ಬಗ್ಗುವಂಥವಲ್ಲ. ಕಾದ ಡಾಂಬರಿನ ಮೇಲೆ ಯಾವ ಚರ್ಮವೂ ಬಹಳ ಹೊತ್ತು ತಾಳುವುದಿಲ್ಲ. ಮಳೆಯಲ್ಲಿ ನೆನೆದ ಅಂಗಾಲು ಮೆತ್ತಗಾಗಿ, ಒಣಗಿದ್ದಾಗ ಏನೂ ಮಾಡದ ಹರಳು ಆಗ ಸೀಳಿಬಿಡುತ್ತದೆ. ಕತ್ತಲಲ್ಲಿ ಗಾಜು ಕಾಣುವುದಿಲ್ಲ. ಬರಿಗಾಲಿನಲ್ಲಿ ಹೆಜ್ಜೆ ಕಲಿತ ಕಾಲಿಗೆ ತೆಳು ಶೂ ಹಾಕಿದರೆ ಮಾತ್ರ ಅದು ತನ್ನ ಗುಣ ತೋರುತ್ತದೆ: ನೆಲದ ಏರಿಳಿತ ತಿಳಿಯುತ್ತದೆ, ಬೆರಳುಗಳು ಅಗಲವಾಗಿ ಹರಡುತ್ತವೆ, ದೂರವೂ ಸಾಗುತ್ತದೆ. ಆದರೂ ನಡುನಡುವೆ ಬರಿಗಾಲಿಗೆ ಮರಳದಿದ್ದರೆ ಹೆಜ್ಜೆ ಮತ್ತೆ ಉದ್ದವಾಗತೊಡಗುವುದನ್ನು ನಾನು ಗಮನಿಸಿದ್ದೇನೆ.

ಚಪ್ಪಲಿಯಂಥ ಓಟದ ಸ್ಯಾಂಡಲ್ಲನ್ನೂ ಹಾಕಿ ನೋಡಿದೆ. ಮೆಕ್ಸಿಕೊದ ರರಾಮುರಿ ಜನ ಹಳೆಯ ಟೈರಿನ ರಬ್ಬರಿನಿಂದ ಮಾಡಿಕೊಂಡು ಬೆಟ್ಟಗಳಲ್ಲಿ ಓಡುವುದು ಇದೇ ಮಾದರಿಯಲ್ಲಿ. ಗಾಳಿಯಾಡುತ್ತದೆ, ಒಣ ದಾರಿಯಲ್ಲಿ ಹಿತ. ಒದ್ದೆಯಾದರೆ ಪಾದ ಅಟ್ಟೆಯ ಮೇಲೆಯೇ ಜಾರುತ್ತದೆ, ಬೆರಳ ಸಂದಿನ ಪಟ್ಟಿ ಚರ್ಮವನ್ನು ಉಜ್ಜುತ್ತದೆ. ಬೆರಳು ಬಿಡಿಬಿಡಿಯಾದ ಶೂವಿನಲ್ಲಿ ಕಿರುಬೆರಳನ್ನು ಅದರ ಗೂಡಿಗೆ ಸೇರಿಸುವಷ್ಟರಲ್ಲೇ ತಾಳ್ಮೆ ತೀರುತ್ತದೆ. ಮುಂಭಾಗ ಅಗಲವಿರುವ ಸಾದಾ ಶೂ ಅದೇ ಕೆಲಸವನ್ನು ಮಾಡುತ್ತದೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಬರಿಗಾಲಿನ ಓಟಕ್ಕೆ ಇಳಿಯಲೇಬಾರದು. ಚರ್ಮದ ಎಚ್ಚರಿಕೆ ಕೇಳಿಸದಿದ್ದರೆ ಈ ಇಡೀ ವಿಧಾನಕ್ಕೆ ಆಧಾರವೇ ಇಲ್ಲ. ಉಳಿದವರು ಮಾಮೂಲಿ ಓಟದ ಕೊನೆಯಲ್ಲಿ ಶೂ ಕೈಗೆ ತೆಗೆದುಕೊಂಡು ನುಣುಪಾದ ಗಟ್ಟಿ ನೆಲದ ಮೇಲೆ ಕೆಲವು ನಿಮಿಷ ಓಡಲಿ, ಮರುದಿನ ಮೀನಖಂಡ ಏನು ಹೇಳುತ್ತದೆ ನೋಡಿ ಮುಂದುವರಿಯಲಿ. ಧನುರ್ವಾಯುವಿನ ಲಸಿಕೆ ಆಗಿರಲಿ. ಹುಲ್ಲಿನ ಮೇಲೆ ಆರಂಭಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ: ಹುಲ್ಲು ಮುಳ್ಳನ್ನೂ ಗಾಜನ್ನೂ ಮರೆಮಾಡುತ್ತದೆ, ಮೆತ್ತಗಿರುವುದರಿಂದ ಹಿಮ್ಮಡಿ ಕುಟ್ಟುವ ಚಟವನ್ನೂ ಬಿಡಿಸುವುದಿಲ್ಲ.

ತೆಳು ಶೂ ಕೊಳ್ಳುವ ಹೊತ್ತು ಬಂದಾಗ ಒಂದು ಹಾಳೆಯ ಮೇಲೆ ಬರಿಗಾಲಿನಲ್ಲಿ ಪೂರ್ತಿ ಭಾರ ಹಾಕಿ ನಿಂತು, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಶೂವಿನ ಒಳಹಾಳೆಯನ್ನು ತೆಗೆದು ಅದರ ಮೇಲಿಡಿ. ಬೆರಳುಗಳ ಗೆರೆ ಯಾವ ಬದಿಯಲ್ಲಾದರೂ ಹೊರಗೆ ಇಣುಕಿದರೆ, ಅಟ್ಟೆ ಎಷ್ಟೇ ತೆಳುವಾಗಿದ್ದರೂ ಆ ಜೋಡಿಯನ್ನು ಅಲ್ಲೇ ಬಿಟ್ಟುಬನ್ನಿ.